ಇಂಗಿನ ಜಾಕೆಟ್ಟೂ ಬಿಲ್ಲುಬೇಟೆಯೂ

ಈ ಪರದೇಶದ ಲೋವರ್ ಹಟ್ ಊರಿನ ನಮ್ಮ ವರ್ಕ್‌ಶಾಪಿನ ಸೂಪರ್‌ವೈಸರ್ ಗ್ರಹಾಂಗೆ ಬಿಲ್ಲುಬೇಟೆಯ ಹುಚ್ಚು. ಶುರುಮಾಡಿ ಮೂವತ್ತು ವರ್ಷವಾದರೂ ಹುರುಪು ಮೊದಲ ದಿನದಂತೆಯೇ ಇದೆ ಎಂದು ಟೀ ಹೊತ್ತಿನಲ್ಲಿ ದಿನಾ ಹೇಳುತ್ತಿದ್ದ. ಹೊಡೆದದ್ದೆಷ್ಟು ಎಂದು ಕೇಳಿದರೆ ಮಾತ್ರ ಗಾಳಿಯನ್ನು ಬೈಯುತ್ತಿದ್ದ.

ಒಂದು ಶನಿವಾರ ನನ್ನನ್ನೂ ತನ್ನ ಪಿಕಪ್ ಗಾಡಿ ಯೂಟ್‌ನಲ್ಲಿ ಕಾಡಿಗೆ ಕರೆದೊಯ್ದ. ದಾರಿಯುದ್ದಕ್ಕೂ ಇಲ್ಲದ ವಾಸನೆ ಬಿಲ್ಲು ಕೈಗೆ ಬಂದೊಡನೆ ಅವನ ಮೂಗಿಗೆ ಬಡಿಯಿತು.

"ಏನಿದು, ನಿನ್ನ ಜಾಕೆಟ್ ಇಷ್ಟು ನಾರ್ತಿದೆ?"

"ಇಂಗು. ಬೆಳಿಗ್ಗೆ ಒಗ್ಗರಣೆ ಹಾಕಿದ್ದೆ."

"ಒಂದು ಜಿಂಕೆಯೂ ಹತ್ತಿರ ಸುಳಿಯಲ್ಲ! ನೀನು ಇಲ್ಲೇ ಕೂತಿರು."

ತಾನು ಮುಖಕ್ಕೆ ಹಸಿರು ಬಳಿದುಕೊಂಡು, ಗಾಳಿಯ ದಿಕ್ಕು ನೋಡಲು ಪೌಡರ್ ಊದಿ, ಬೆಕ್ಕಿನ ಹೆಜ್ಜೆ ಇಡುತ್ತಾ ಗುಡ್ಡ ಹತ್ತಿದ. ನಾನು ಪುಳಿಯೋಗರೆ ಡಬ್ಬಿ ತೆಗೆದೆ. ಎರಡು ತುತ್ತು ತಿಂದಿರಲಿಲ್ಲ, ಪೊದೆಯಿಂದ ಕೊಂಬಿನ ಜಿಂಕೆಯೊಂದು ಬಂದು ನನ್ನನ್ನೇ ನೋಡುತ್ತಾ ನಿಂತಿತು. ಹೊಸ ಡಿಜಿಟಲ್ ಕ್ಯಾಮೆರಾದಲ್ಲಿ ನಾನು ಫೋಟೊ ತೆಗೆಯುವವರೆಗೂ ಕದಲಲಿಲ್ಲ.

ಮಧ್ಯಾಹ್ನ ಬರಿಗೈಲಿ ಇಳಿದುಬಂದ ಗ್ರಹಾಂ, "ಹಾಳು ಗಾಳಿ, ತಿರುಗಿಬಿಡ್ತು" ಅಂದ. ಫೋಟೊ ತೋರಿಸಿದೆ. ಬಿಲ್ಲನ್ನು ಯೂಟ್‌ನ ಹಿಂದಕ್ಕೆಸೆದು ಗಾಡಿ ಸ್ಟಾರ್ಟ್ ಮಾಡಿದ.

ಸೋಮವಾರ ಎಲ್ಲರಿಗೂ ಗಾಳಿಯ ಕತೆಯನ್ನೇ ಹೇಳಿದ. ನಾನು ತೆಪ್ಪಗಿದ್ದೆ, ಕೆಲಸ ಬೇಕಲ್ಲ. ಶುಕ್ರವಾರ ನನ್ನ ಪಕ್ಕ ಬಂದು, ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದ: "ನಾಳೆ ಬಿಡುವಿದೆಯಾ? ಆ ಜಾಕೆಟ್ ಇನ್ನೂ ಒಗೆದಿಲ್ಲ ತಾನೆ?"