ತಾಟಿನೊಳಗಿನ ತಂಡ

ನವನಗರದ ನಮ್ಮ ಮನೆಯಲ್ಲಿ ಬೆಳಗಿನ ಚಹಾ ಆದ ಮೇಲೆ ಚಟ್ನಿಗೆಂದು ಶೇಂಗಾ ಹುರಿದು, ಸಿಪ್ಪೆ ತೆಗೆದು ತಾಟಿನಲ್ಲಿ ಹರಡುವುದು ನನ್ನ ರೂಢಿ. ದೇಶದ ಫುಟ್‌ಬಾಲ್ ತಂಡದ ಕೋಚ್ ಆಗಿದ್ದ ನನ್ನ ಯಜಮಾನರು ಊರಲ್ಲಿದ್ದಾಗ ಅದೇ ತಾಟಿನಲ್ಲಿ ಹನ್ನೊಂದು ಕಾಳು ಆರಿಸಿ ತಂಡ ಹೂಡುತ್ತಿದ್ದರು. ಗೋಲಿಗೆ ಯಾವಾಗಲೂ ದಪ್ಪನೆಯ ಕಾಳು. ಅವರು ಏಳುವವರೆಗೆ ನಾನು ತಾಟು ಮುಟ್ಟುತ್ತಿರಲಿಲ್ಲ. ಎಷ್ಟೋ ದಿನ ಚಟ್ನಿಯಿಲ್ಲದೆಯೇ ರೊಟ್ಟಿ ತಿಂದಿದ್ದೇವೆ.

ಆ ಬೆಳಿಗ್ಗೆಯೂ ಕಾಳು ಹೂಡಿಕೊಂಡು ಕೂತಿದ್ದರು. ತಂಡ ಒಂದರ ಹಿಂದೊಂದು ಪಂದ್ಯ ಸೋತಿತ್ತು. ಅವರನ್ನು ಮುಂದುವರಿಸುತ್ತಾರೋ ಇಲ್ಲವೋ ಎಂದು ತಿಳಿಸುವ ಫೋನಿಗೆ ಕಾಯುತ್ತಿದ್ದೆವು. ಫೋನ್ ಬಂತು. ಇನ್ನೊಬ್ಬರ ಮಾತಿಗೆ ಕಿವಿಗೊಡಬಾರದೆಂದು ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದರು. ನಾನು ಒಲೆಯ ಕಡೆ ತಿರುಗಿದೆ. ಆದರೂ "ಓಕೆ ಸರ್, ಓಕೆ ಸರ್" ಎಂದದ್ದು ಕೇಳಿಸಿತು.

"ಬ್ಯಾರೆ ಕೋಚ್ ತೊಗೊಂಡಾರಂತ," ಎಂದರು.

"ನಾಷ್ಟಾ ಹಾಕ್ಲೇನ್ರಿ?" ಎಂದೆ.

ಅವರು ಆ ಕಾಳುಗಳನ್ನು ಅಂಗೈಯಿಂದ ಉಳಿದವುಗಳೊಳಗೆ ಸರಿಸಿದರು. ದಪ್ಪನೆಯದನ್ನು ಮಾತ್ರ ಸ್ವಲ್ಪ ಹೊತ್ತು ಬೆರಳಲ್ಲಿ ಹಿಡಿದಿದ್ದು, ಆಮೇಲೆ ಅದನ್ನೂ ಹಾಕಿದರು.

"ಇವತ್ತ ಚಟ್ನಿ ಮಾಡಿಬಿಡ."

ಕುಟ್ಟುವ ಸದ್ದು ಅವರಿಗೆ ಕೇಳದಿರಲೆಂದು ಒರಳಿನ ಕೆಳಗೆ ಟವೆಲ್ ಮಡಿಸಿ ಹಾಕಿದೆ.

ಸಂಜೆ ಪಕ್ಕದ ಮನೆಯಾಕೆ ಕಾಂಪೌಂಡಿನಾಚೆ ಒಣಗಿದ ಬಟ್ಟೆ ತೆಗೆಯುತ್ತಾ ಹೇಳಿದಳು: "ಟೀವ್ಯಾಗ ನೋಡಿದ್ವಿ ಬಿಡ್ರಿ ಅಕ್ಕಾರ. ಸಾಹೇಬ್ರು ಇನ್ನ ಮನ್ಯಾಗ ಇರ್ತಾರಲ್ಲ? ಹಂಗಾರ ನಾಳೆ ಗ್ಯಾಸಿನಂವ ಬಂದ್ರ ನಮ್ಮ ಸಿಲಿಂಡರೂ ಇಳಿಸ್ಕೊಳ್ಳಾಕ ಹೇಳ್ರಿ."