ಮಗ್ಗದ ರಟ್ಟಿನ ಮೇಲೆ ಇಂಗ್ಲಿಷು

ಪರಭಾಷೆಯೊಂದನ್ನು ಕಲಿಸುವುದೆಂದರೆ ಎಳೆಯ ಮನಸ್ಸಿಗೆ ಹೊಸ ಲೋಕದ ಬಾಗಿಲನ್ನು ತೆರೆಯುವುದು. ಇದಕ್ಕಿಂತ ಘನವಾದ ಕಾರ್ಯ ಮನುಷ್ಯನಿಗೆ ಇನ್ನೊಂದಿಲ್ಲ. ಈ ಘನಕಾರ್ಯಕ್ಕಾಗಿ ನನಗೆ ಕೊಟ್ಟಿದ್ದ ಕೋಣೆಗೆ ಬಾಗಿಲೇ ಇರಲಿಲ್ಲ. ಅದು ದೊಡ್ಡಬಳ್ಳಾಪುರದ ಹೈಸ್ಕೂಲೊಂದರ ಹಿಂಭಾಗದಲ್ಲಿ ಮುರಿದ ಬೆಂಚುಗಳನ್ನು ಒಟ್ಟುತ್ತಿದ್ದ ಜಾಗ. ಯುದ್ಧದ ಕಾಲದಲ್ಲಿ ಸೌದೆಗೆ ತತ್ವಾರ ಬಂದು, ಬೆಂಚುಗಳೆಲ್ಲ ಯಾರ್ಯಾರದೋ ಒಲೆ ಸೇರಿ, ಕೋಣೆ ಖಾಲಿಯಾಗಿತ್ತು. ಬಾಗಿಲೂ ಅದೇ ದಾರಿ ಹಿಡಿಯಿತೆಂದು ನನ್ನ ಅನುಮಾನ, ರುಜುವಾತು ಇಲ್ಲ.

ನಾನಾಗ ಹೊಸದಾಗಿ ಬಂದ ಇಂಗ್ಲಿಷ್ ಮೇಷ್ಟ್ರು. ವಯಸ್ಸು ಚಿಕ್ಕದು, ಕೋಟು ದೊಡ್ಡದು. ಹೈಸ್ಕೂಲಿನ ಮೊದಲ ವರ್ಷದಲ್ಲಿ ಹನ್ನೊಂದು ಮಕ್ಕಳು ಕೊನೆಯ ಬೆಂಚುಗಳಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಹಳ್ಳಿಯ ಶಾಲೆಗಳಿಂದ, ನೇಕಾರರ ಬೀದಿಯ ಶಾಲೆಯಿಂದ ಬಂದವರು. ಇಂಗ್ಲಿಷಿನ ಅಕ್ಷರ ಗೊತ್ತು, ಮಾತು ಗೊತ್ತಿಲ್ಲ. ಇಲ್ಲಿ ನೋಡಿದರೆ ಭೂಗೋಳವೂ ಇಂಗ್ಲಿಷು, ವಿಜ್ಞಾನವೂ ಇಂಗ್ಲಿಷು. ಅವರಿಗೆ ಬೆಳಿಗ್ಗೆ ಗಂಟೆ ಹೊಡೆಯುವ ಮುಂಚೆ ಒಂದು ಗಂಟೆ ಬೇರೆ ಪಾಠ ಮಾಡುತ್ತೇನೆಂದು ಹೆಡ್‌ಮಾಸ್ಟರನ್ನು ಕೇಳಿದೆ.

"ಮಾಡಿ," ಅಂದರು ಅವರು. "ಆದ್ರೆ ಸಂಕ್ರಾಂತಿ ಕಳೆದ ಮೇಲೆ ಇನ್ಸ್‌ಪೆಕ್ಟರು ಬರ್ತಾರೆ. ಅವರು ನೋಡಿ ಇದು ದಂಡ ಅಂದ್ರೆ ಅವತ್ತೇ ಮುಚ್ಚಬೇಕಾಗತ್ತೆ."

"ಮುಚ್ಚಿದ್ರೆ ಆ ಮಕ್ಕಳು?"

"ಪಾಸಾದವರು ಇರ್ತಾರೆ. ಆಗದವರು ಮನೇಲಿರ್ತಾರೆ." ಅವರು ತಾರ್ಕಿಕ ಮನುಷ್ಯರು, ಗಣಿತ ಕಲಿಸುತ್ತಿದ್ದರು.

ನನಗೆ ದೊರೆತ ಬೋಧನಾ ಸಾಮಗ್ರಿಯ ವೈಭವವನ್ನು ಇಲ್ಲಿ ದಾಖಲಿಸುವುದು ನನ್ನ ಕರ್ತವ್ಯ. ಪಠ್ಯಪುಸ್ತಕ, ಹನ್ನೊಂದು ಜನಕ್ಕೆ ಎರಡು. ಅದರಲ್ಲಿ ಹಿಮದಲ್ಲಿ ಜಾರುವ ಪಾಠವಿತ್ತು, ದೋಣಿ ಪಂದ್ಯದ ಪಾಠವಿತ್ತು. ನಮ್ಮ ಕೆರೆಯಲ್ಲಿ ಆ ವರ್ಷ ಎಮ್ಮೆಗೆ ಮೊಣಕಾಲು ನೆನೆಯುವಷ್ಟು ನೀರು. ಗೋಡೆಗೆ ಒಂದು ಬಣ್ಣದ ಪಟ: ಇಂಗ್ಲೆಂಡಿನ ರೈತನ ಮನೆ, ಹುಲ್ಲಿನ ಬಣವೆ, ಗುಲಾಬಿ ಬಣ್ಣದ ಒಂದು ಹಂದಿ. ಮಾಕಳಿದುರ್ಗದ ಕಡೆಯಿಂದ ರೈಲಿನಲ್ಲಿ ಬರುತ್ತಿದ್ದ ಒಕ್ಕಲು ಮನೆಯ ಹುಡುಗನೊಬ್ಬ ಅದನ್ನು ಬಹಳ ಹೊತ್ತು ಪರೀಕ್ಷಿಸಿ, "ಬಣವೆ ಒಟ್ಟೋಕೆ ಬರಲ್ಲ ಸಾರ್ ಇವರಿಗೆ. ಒಂದು ಮಳೆಗೆ ಕೊಳೆತೋಗತ್ತೆ," ಅಂದ. ಅವತ್ತಿನಿಂದ ಆ ಪಟದ ಮೇಲೆ ತರಗತಿಗೆ ಗೌರವ ಉಳಿಯಲಿಲ್ಲ. ಇನ್ನು ಕಾಗದ. ಅದನ್ನು ಯುದ್ಧಕ್ಕೆ ಕಳಿಸಿದ್ದರೋ ಏನೋ, ಅಂಗಡಿಯಲ್ಲಂತೂ ಇರಲಿಲ್ಲ.

ಒಂದೊಂದು ವಾಕ್ಯವನ್ನು ಒಂದೊಂದು ಚೀಟಿಯ ಮೇಲೆ ಬರೆದು, ಕಲೆಸಿ, ಹಂಚಿ, ಮಾತಾಡಿಸಬೇಕೆಂದು ನನ್ನ ಯೋಜನೆ. ಚೀಟಿಗೆ ಕಾಗದವಿಲ್ಲವೆಂದು ತರಗತಿಯಲ್ಲಿ ಗೊಣಗಿದೆ. ಹನ್ನೊಂದು ಜನರಲ್ಲಿ ಒಬ್ಬಳೇ ಹುಡುಗಿ, ನೇಕಾರರ ಮಗಳು. ಮರುದಿನ ಅವಳು ಸೆರಗಿನಲ್ಲಿ ಕಟ್ಟಿ ಒಂದು ಹೊರೆ ರಟ್ಟು ತಂದಳು. ಸೀರೆಯಲ್ಲಿ ಹೂವು ಎಬ್ಬಿಸಲು ಮಗ್ಗದ ಮೇಲೆ ಜಕಾರ್ಡು ಎನ್ನುವ ಯಂತ್ರ ಕೂರಿಸುತ್ತಾರೆ. ತೂತು ಹೊಡೆದ ಉದ್ದುದ್ದ ರಟ್ಟುಗಳನ್ನು ದಾರದಿಂದ ಹೆಣೆದು ಅದರ ಮೇಲೆ ಸುತ್ತಿಸುತ್ತಾರೆ. ಯಾವ ರಟ್ಟಿನಲ್ಲಿ ಎಲ್ಲಿ ತೂತಿದೆಯೋ ಅದರಂತೆ ಎಳೆ ಏಳುತ್ತದೆ, ಹೂವು ಬೀಳುತ್ತದೆ. ಅವಳು ತಂದದ್ದು ಯಾರೂ ಕೇಳದ ಹಳೇ ಹೂವಿನ ರಟ್ಟು. ತೂತುಗಳನ್ನು ತಪ್ಪಿಸಿ ಬರೆಯಬೇಕಿತ್ತು, ಅಷ್ಟೆ. ಇಂಗ್ಲಿಷಿನ ಓ ಅಕ್ಷರಕ್ಕೆ ಹಲವು ಕಡೆ ಮಸಿಯೇ ಬೇಕಾಗಲಿಲ್ಲ.

ಕೃತಜ್ಞತೆ ಹೇಳಲು ಅವಳ ಮನೆಗೆ ಹೋದೆ. ತಂದೆ ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದರು. ನಮಸ್ಕಾರ ಅಂದೆ. ಉತ್ತರವಿಲ್ಲ. ಇನ್ನೊಮ್ಮೆ, ಕೊಂಚ ಗಟ್ಟಿಯಾಗಿ, ಅಂದೆ. ಲಾಳಿ ಆ ಕಡೆಯಿಂದ ಈ ಕಡೆಗೆ ಓಡುತ್ತಲೇ ಇತ್ತು. ಸರ್ಕಾರದ ನೌಕರನೊಬ್ಬ ಹೀಗೆ ಕಂಬದಂತೆ ನಿಲ್ಲುವುದು ಸರಿಯೇ ಎಂದು ನಾನು ಯೋಚಿಸುತ್ತಿರುವಾಗ ಲಾಳಿ ನಿಂತಿತು.

"ಬನ್ನಿ ಮೇಷ್ಟ್ರೇ, ಕೂತ್ಕಳಿ. ಹೂವಿನ ಮಧ್ಯೆ ನಿಲ್ಲಿಸಿದ್ರೆ ಸೀರೇಲಿ ಗೆರೆ ಬಿದ್ಬಿಡತ್ತೆ. ನಮ್ಮ ಬೀದೀಲಿ ಸಾಕ್ಷಾತ್ ಅಮಲ್ದಾರ್ರು ಬಂದ್ರೂ ಹೂ ಮುಗಿಯೋ ತನಕ ಮಾತಾಡಲ್ಲ. ಬೇಜಾರು ಮಾಡ್ಕೋಬೇಡಿ."

ಬೇಜಾರಿಲ್ಲ ಎಂದು ಸುಳ್ಳು ಹೇಳಿದೆ. ಅವರು ಮಗಳ ವಿಷಯ ತೆಗೆದರು. "ಮನೇಲಿ ಲಾಳಿಗೆ ಹಾಕೋ ಕಂಡಿಕೆಗೆ ನೂಲು ಸುತ್ತೋಕೆ ಜನ ಇಲ್ಲ. ಇವಳು ಓದ್ತೀನಿ ಅಂತಾಳೆ. ಇಂಗ್ಲಿಷ್ ಬರದೆ ಅಲ್ಲಿ ಗೋಡೆ ನೋಡ್ಕೊಂಡು ಕೂರೋದಾದ್ರೆ ಇಲ್ಲೇ ಕೂರಬಹುದಲ್ಲ. ನಿಮ್ಮ ಬೆಳಗಿನ ಪಾಠ ಇರೋ ತನಕ ಕಳಿಸ್ತೀನಿ. ಅದು ನಿಂತ್ರೆ ಇವಳದೂ ನಿಂತಂಗೆ."

ಹುಡುಗಿ ಒಲೆಯ ಹತ್ತಿರ ತಲೆ ಬಗ್ಗಿಸಿ ಯಾವುದೋ ಪಾತ್ರೆಯನ್ನು ಅಗತ್ಯಕ್ಕಿಂತ ಹೆಚ್ಚು ಉಜ್ಜುತ್ತಿದ್ದಳು. ಇನ್ಸ್‌ಪೆಕ್ಟರಿಗೆ ನಾನು ಆವರೆಗೆ ಅಷ್ಟು ಹೆದರಿರಲಿಲ್ಲ.

ನಲವತ್ತನಾಲ್ಕು ರಟ್ಟು ಬರೆದೆ, ತಲೆಗೆ ನಾಲ್ಕರಂತೆ. ನಿನ್ನ ತಂದೆ ಏನು ಮಾಡುತ್ತಾರೆ, ಅವರು ನೇಕಾರರು, ಎಲ್ಲಿ ನೇಯುತ್ತಾರೆ, ಮನೆಯಲ್ಲಿ. ಹೀಗೆ ರೈಲು, ಸಂತೆ, ರಾಗಿ, ಹಸು ಎಲ್ಲ ಸೇರಿ ಒಂದರಿಂದ ಒಂದು ಹುಟ್ಟುವ ಮಾತು. ಹಿಮವಿಲ್ಲ, ಗುಲಾಬಿ ಹಂದಿಯಿಲ್ಲ. ನಾನು ಅವನ್ನು ಇಸ್ಪೀಟಿನಂತೆ ಕಲೆಸಿದಾಗ ಹುಡುಗಿಗೆ ನೋಡಲಾಗಲಿಲ್ಲ.

"ಸಾರ್, ರಟ್ಟು ಬಿಡಿಯಾಗಿ ಇಡಬಾರದು. ಹೂವು ಕೆಡತ್ತೆ."

"ಇದರಲ್ಲಿ ಹೂವಿಲ್ಲವಲ್ಲಮ್ಮ."

"ಸಾಲು ಇದೆಯಲ್ಲ ಸಾರ್," ಅಂದಳು.

ಮರುದಿನ ನಾನು ಬರುವ ಹೊತ್ತಿಗೆ ನಲವತ್ತನಾಲ್ಕನ್ನೂ ಕ್ರಮವಾಗಿ ಹೆಣೆದು, ಕೊನೆಯದನ್ನು ಮೊದಲಿನದಕ್ಕೆ ಸೇರಿಸಿ, ತೊಲೆಯಿಂದ ಸರವಾಗಿ ಇಳಿಬಿಟ್ಟಿದ್ದಳು. ಎಳೆದರೆ ಒಂದೊಂದೇ ರಟ್ಟು ಮುಂದೆ ಬರುತ್ತದೆ. ನೋಡಲು ಬಹಳ ಸೊಗಸು. ಇಂಥ ಸಲಕರಣೆ ಬೆಂಗಳೂರಿನಲ್ಲೂ ಇರಲಾರದೆಂದು ನನಗೆ ಹೆಮ್ಮೆಯಾಯಿತು, ಒಪ್ಪಿಬಿಟ್ಟೆ. ಒಬ್ಬ ಕೇಳುವುದು, ಪಕ್ಕದವ ಉತ್ತರಿಸುವುದು, ಅದರ ಮುಂದಿನವ ಇನ್ನೊಂದು ಕೇಳುವುದು. ಮೂರು ತಿಂಗಳಲ್ಲಿ ಸರ ನೋಡದೆಯೇ ಹೇಳುವಂತಾದರು. ಗೋಡೆ ನೋಡುತ್ತಿದ್ದವರು ಈಗ ಒಬ್ಬರನ್ನೊಬ್ಬರು ನೋಡಿ ಇಂಗ್ಲಿಷಿನಲ್ಲಿ ಹಸುವಿನ ಕ್ಷೇಮ ವಿಚಾರಿಸುತ್ತಿದ್ದರು. ಆ ಸರದ ಜೊತೆಗೆ ಅವರು ಇನ್ನೇನನ್ನು ಕಲಿಯುತ್ತಿದ್ದಾರೆಂದು ನಾನು ಗಮನಿಸಲಿಲ್ಲ.

ಇನ್ಸ್‌ಪೆಕ್ಟರು ಬಂದರು. ಜರಿ ರುಮಾಲು, ಬೆಳ್ಳಿ ಹಿಡಿಯ ಕೋಲು, ಯಾರನ್ನೂ ಎರಡನೇ ಪ್ರಶ್ನೆ ಕೇಳದ ಖ್ಯಾತಿ. ಇದ್ದ ಒಂದೇ ಕುರ್ಚಿಯಲ್ಲಿ ಕೂತು, ಎದುರಿಗಿದ್ದ ಹುಡುಗಿಯನ್ನು ಇಂಗ್ಲಿಷಿನಲ್ಲಿ ಕೇಳಿದರು: ನಿನ್ನ ತಂದೆ ಏನು ಮಾಡುತ್ತಾರೆ? ಅದು ನಮ್ಮ ಸರದ ಹದಿನೇಳನೆಯ ರಟ್ಟು. ಮನಸ್ಸಿನಲ್ಲೇ ದೇವರಿಗೆ ಕೈ ಮುಗಿದೆ.

ಹುಡುಗಿ ಉತ್ತರಿಸಿದಳು. ಅವರು ತಲೆದೂಗಿ ಮುಂದಿನವನ ಕಡೆ ತಿರುಗುವಷ್ಟರಲ್ಲಿ ಪಕ್ಕದ ಹುಡುಗ, ಎಲ್ಲಿ ನೇಯುತ್ತಾರೆ, ಅಂದ. ಅವನ ಪಕ್ಕದವ ಮನೆಯಲ್ಲಿ ಅಂದ. ಇನ್ಸ್‌ಪೆಕ್ಟರು, "ಗುಡ್, ಎನಫ್," ಅಂದರು. ಮಾತು ರೈಲಿಗೆ ಹೋಯಿತು. "ಎನಫ್," ಅಂದರು ಇನ್ನೊಮ್ಮೆ, ಕೋಲು ಎತ್ತಿ. ಮಾತು ಸಂತೆಗೆ ಹೋಯಿತು. ಹೆಡ್‌ಮಾಸ್ಟರು ನನ್ನನ್ನು ನೋಡಿದರು. ನಾನು ಮಕ್ಕಳಿಗೆ ಕಣ್ಸನ್ನೆ ಮಾಡಿದೆ, ಕೆಮ್ಮಿದೆ, ಕೊನೆಗೆ ಸಾಕು ಅಂತ ಕನ್ನಡದಲ್ಲೇ ಅಂದೆ. ಮಗ್ಗವನ್ನೇ ಕಾಣದ ಮಾಕಳಿದುರ್ಗದ ಹುಡುಗ ಕೂಡ ನನ್ನನ್ನು ಕನಿಕರದಿಂದ ನೋಡಿ ತನ್ನ ರಾಗಿಯ ವಾಕ್ಯ ಹೇಳಿದ. ನಲವತ್ತನಾಲ್ಕು ಮುಗಿದು, ಒಂದರಿಂದ ಶುರುವಾಗಿ, ಹದಿನಾರು ದಾಟಿ, ಶುರುವಾದಲ್ಲಿಗೇ ಬಂದು ಹನ್ನೊಂದೂ ಜನ ಒಟ್ಟಿಗೆ ಸುಮ್ಮನಾದರು. ಹುಡುಗಿಯ ಮುಖದಲ್ಲಿ ಕೆಲಸ ಕೆಡದೆ ಮುಗಿದ ಸಮಾಧಾನ.

"ಗಿಳಿಪಾಠ," ಅಂದರು ಇನ್ಸ್‌ಪೆಕ್ಟರು ಹೆಡ್‌ಮಾಸ್ಟರಿಗೆ, ಮೆಲ್ಲಗೆ. ಏಳಲು ಹೊರಟವರು, ಏನನ್ನಿಸಿತೋ, ತಮ್ಮ ಖ್ಯಾತಿಗೆ ವಿರುದ್ಧವಾಗಿ ಹುಡುಗಿಗೆ ಎರಡನೇ ಪ್ರಶ್ನೆ ಹಾಕಿದರು: ನಾನು ಸಾಕೆಂದರೂ ನೀವು ಯಾಕೆ ನಿಲ್ಲಿಸಲಿಲ್ಲ? ಇದಕ್ಕೆ ರಟ್ಟು ಇರಲಿಲ್ಲ. ನಾನು ಬಾಯಿ ತೆರೆದೆ. ಬೆಳ್ಳಿ ಕೋಲು ನನ್ನ ಕಡೆ ತಿರುಗಿತು, ಮುಚ್ಚಿದೆ.

ಹುಡುಗಿ ಕೈಯಲ್ಲಿ ಲಾಳಿ ಎಸೆದಂತೆ ಮಾಡಿದಳು. "ಸಾರ್, ಇಫ್ ಸ್ಟಾಪ್ ಇನ್ ಮಿಡ್ಲ್, ಲೈನ್ ಕಮ್ಸ್ ಇನ್ ಫ್ಲವರ್."

"ವಾಟ್ ಫ್ಲವರ್?" ಅಂದರು ಅವರು, ಮೂರನೆಯ ಪ್ರಶ್ನೆ.

"ಸೀರೆ ಫ್ಲವರ್ ಸಾರ್," ಅಂದ ಪಕ್ಕದ ಹುಡುಗ. "ನಾಟ್ ಗಾರ್ಡನ್."

ಮಾಕಳಿದುರ್ಗದವನಿಗೆ ತಡೆಯಲಾಗಲಿಲ್ಲ. "ಹರ್ ಫಾದರ್ ಆಲ್ಸೋ ನಾಟ್ ಸ್ಟಾಪ್, ಸಾರ್. ಅವರ್ ಸಾರ್ ವೆಂಟ್ ಹೋಮ್, ಸೇಯಿಂಗ್ ನಮಸ್ಕಾರ. ಹಿ ನಾಟ್ ಸ್ಪೀಕ್. ಅವರ್ ಸಾರ್ ಸ್ಟ್ಯಾಂಡಿಂಗ್, ಸ್ಟ್ಯಾಂಡಿಂಗ್."

ನನ್ನ ಘನತೆ ಹಿತ್ತಿಲ ಕೋಣೆಯಲ್ಲಿ ಹೀಗೆ ಇಂಗ್ಲಿಷಿನಲ್ಲಿ ಹರಾಜಾಯಿತು. ಇನ್ಸ್‌ಪೆಕ್ಟರು ಕುರ್ಚಿಯನ್ನು ಮುಂದೆಳೆದುಕೊಂಡರು. ಗೆರೆ ಯಾಕೆ ಬೀಳುತ್ತದೆ, ರಟ್ಟು ಎಷ್ಟು ಬೇಕು, ಅಮಲ್ದಾರರು ಬಂದರೂ ನಿಲ್ಲಿಸುವುದಿಲ್ಲವೇ, ಎಂದು ಕೇಳುತ್ತ ಹೋದರು. ಮಕ್ಕಳು ಗೊತ್ತಿದ್ದ ಪದಗಳನ್ನೆಲ್ಲ ಒಟ್ಟಿ, ಸಾಲದ ಕಡೆ ಕೈ ಬಾಯಿ ಆಡಿಸಿ ಹೇಳಿದರು. ಆ ಇಂಗ್ಲಿಷನ್ನು ಲಂಡನ್ನಿನಲ್ಲಿ ಒಪ್ಪುತ್ತಿರಲಿಲ್ಲ. ಆದರೆ ಅದರಲ್ಲಿ ನಾನು ಬರೆದುಕೊಟ್ಟ ವಾಕ್ಯ ಒಂದೂ ಇರಲಿಲ್ಲ.

ಹೊರಡುವಾಗ ಇನ್ಸ್‌ಪೆಕ್ಟರು ಸರವನ್ನು ಕೋಲಿನಿಂದ ಮುಟ್ಟಿದರು. "ರಟ್ಟು ಇರಲಿ ಮೇಷ್ಟ್ರೇ. ದಾರ ಬಿಚ್ಚಿಬಿಡಿ." ಹುಡುಗಿಗೆ ಇದು ಒಪ್ಪಿಗೆಯಾಗಲಿಲ್ಲ, ಬಿಚ್ಚುವ ಮೊದಲು ಪ್ರತಿ ರಟ್ಟಿನ ಮೂಲೆಯಲ್ಲೂ ನಂಬರು ಹಾಕಿದಳು, ಯಾವತ್ತಾದರೂ ಮತ್ತೆ ಹೆಣೆಯಬೇಕಾದರೆ ಇರಲಿ ಎಂದು.

ವಾರದ ಮೇಲೆ ವರದಿ ಬಂತು. ಮಕ್ಕಳು ನಿಲ್ಲಿಸುವುದನ್ನು ಕಲಿಯಬೇಕು, ಬೆಳಗಿನ ಪಾಠ ಮುಂದುವರಿಯಬೇಕು ಎಂದಿತ್ತು. ಅದನ್ನು ಅವಳ ತಂದೆಗೆ ಹೇಳಲು ಹೋದೆ. ಈ ಸಲ ಹೂವು ಮುಗಿಯುವ ತನಕ ಜಗಲಿಯಲ್ಲೇ ಕೂತಿದ್ದೆ.

"ಸರಿ ಬಿಡಿ, ಕಳಿಸ್ತೀನಿ," ಅಂದರು ಅವರು. "ಕಂಡಿಕೆಗೆ ನನ್ನ ತಂಗೀನ ಕರೆಸ್ಕೋತೀನಿ."

ಬೆಳಗಿನ ಪಾಠ ನಾನು ಆ ಊರಿನಲ್ಲಿದ್ದ ಅಷ್ಟೂ ವರ್ಷ ನಡೆಯಿತು. ಹುಡುಗಿ ಮೂರು ವರ್ಷ ಓದಿ, ಇಂಗ್ಲಿಷನ್ನೂ ಸೇರಿಸಿ, ಎಲ್ಲ ವಿಷಯಗಳಲ್ಲಿ ಪಾಸಾದಳು.