ಲ್ಯಾಮಿನೇಶನ್ ಆದ ಇಪ್ಪತ್ತನಾಲ್ಕು ಪದಗಳು

ಕುಂದಾಪುರ ಕೋಡಿಯ ಶ್ರೀಲತಾಳ ಕೆಲಸ ಸಿಗಡಿ ಕೆರೆಗಳ ನೀರು ಪರೀಕ್ಷಿಸುವುದು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಸ್ಕೂಟರಿನಲ್ಲಿ ತಿರುಗುತ್ತಾಳೆ. ಬಾಟಲಿಯನ್ನು ಅದೇ ಕೆರೆಯ ನೀರಿನಲ್ಲಿ ತೊಳೆಯದೆ ಒಮ್ಮೆಯೂ ಮಾದರಿ ತುಂಬಿದವಳಲ್ಲ. ಮನೆಯ ಬಿಟ್‌ಕಾಯಿನ್ ಅವಳ ಕೈಗೆ ಬಂದದ್ದೂ ಈ ಎಚ್ಚರಿಕೆಯ ಗುಣದಿಂದಲೇ. ಗಂಡ ಅನೂಪ್ ಮುಂಬೈಯಲ್ಲಿದ್ದಾಗ ಕೊಂಡದ್ದು, ದೋಣಿಗೆ ಹೊಸ ಇಂಜಿನ್ ಹಾಕಿಸಲು ಉಳಿಸಿಟ್ಟದ್ದು.

ಅದರ ಕೀಲಿ ಪೆನ್‌ಡ್ರೈವಿನಂಥ ಹಾರ್ಡ್‌ವೇರ್ ವ್ಯಾಲೆಟ್ಟಿನೊಳಗಿತ್ತು. ಮೊಬೈಲಿನ ಆ್ಯಪ್ ಎಷ್ಟಿದೆಯೆಂದು ತೋರಿಸುತ್ತದೆ. ವ್ಯಾಲೆಟ್ಟಿನ ಗುಂಡಿ ಒತ್ತದೆ ಒಂದು ಕಾಸೂ ಕದಲುವುದಿಲ್ಲ. ವ್ಯಾಲೆಟ್ ಕೆಟ್ಟುಹೋದರೆ ಇಪ್ಪತ್ತನಾಲ್ಕು ಇಂಗ್ಲಿಷ್ ಪದಗಳಿಂದ ಎಲ್ಲವನ್ನೂ ಮರಳಿ ಪಡೆಯಬಹುದು. ಕಷ್ಟವೆಂದರೆ, ಆ ಪದಗಳು ಸಿಕ್ಕಿದರೆ ಯಾರು ಬೇಕಾದರೂ ಪಡೆಯಬಹುದು. ಅವನ್ನು ಬರೆದ ಹಾಳೆ ಕಪಾಟಿನಲ್ಲಿ, ದೋಣಿಯ ಕಾಗದಪತ್ರಗಳ ಜೊತೆಗಿತ್ತು.

ಮಳೆಗಾಲಕ್ಕೆ ಮುಂಚೆ ಮನೆಯ ಕಾಗದಗಳಿಗೆಲ್ಲ ಲ್ಯಾಮಿನೇಶನ್ ಮಾಡಿಸುವುದು ಅತ್ತೆ ಕಮಲಮ್ಮನ ಪದ್ಧತಿ. ಈ ಮೇ ತಿಂಗಳಲ್ಲೂ ಬಸ್ರೂರಿಗೆ ಮೀನು ಮಾರಲು ಹೋದವರು ಆ ಕೆಲಸ ಮುಗಿಸಿಕೊಂಡೇ ಬಂದರು. ಹೊಳೆಯುವ ಹಾಳೆಗಳ ನಡುವೆ ಪದಗಳ ಹಾಳೆಯನ್ನು ಕಂಡು ಶ್ರೀಲತಾ, ಇದನ್ನೇಕೆ ಅಂಗಡಿಗೆ ಕೊಟ್ಟಿರಿ ಎಂದಳು.

“ಬರೀ ಕಾಗ್ದ ಮಳಿಗಾಲ್ದಗೆ ಉಳಿತ್ತಾ ಮಾರಾಯ್ತಿ? ಬೂಷ್ಟ್ ಹಿಡಿತ್ತ್” ಎಂದರು ಕಮಲಮ್ಮ.

ಶ್ರೀಲತಾ ಲ್ಯಾಮಿನೇಶನ್ ಮಾಡಿದ ಜೆರಾಕ್ಸ್ ಅಂಗಡಿಯ ಹುಡುಗ ಪ್ರಖ್ಯಾತನಿಗೆ ಫೋನ್ ಮಾಡಿದಳು. ಅವನು ಉಪಕಾರವೆಂದೇ ಎಲ್ಲ ಹಾಳೆಗಳನ್ನೂ ಸ್ಕ್ಯಾನ್ ಮಾಡಿ ಅಂಗಡಿಯ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದ. ಬೇಡವೆಂದರೆ ಅಳಿಸುತ್ತೇನೆ ಅಂದ. ಹುಡುಗ ಒಳ್ಳೆಯವನೇ. ಆದರೆ ಆ ಕಂಪ್ಯೂಟರ್ ಇಂಟರ್ನೆಟ್ಟಿನಲ್ಲಿತ್ತು. ಅಲ್ಲಿಂದ ಯಾರು ಏನನ್ನು ನೋಡಿರಬಹುದು ಎಂಬುದು ಅವನಿಗೂ ತಿಳಿಯದು.

ವಿಷಯ ಗೊತ್ತಾದಾಗ ಕಮಲಮ್ಮನ ಮುಖ ಬಾಡಿತು. ಅನೂಪ್ ಬರಲಿ ಎಂದರು. ಮೀನಿಗೆ ಹೋದ ಅವನ ಬೋಟು ಕಡಲಲ್ಲಿ, ಟವರ್ ಸಿಗದಷ್ಟು ದೂರದಲ್ಲಿತ್ತು.

“ಇಲ್ಲೆ ಅತ್ತೆ, ಅವ್ರ್ ಬಪ್ಪುದ್ರೊಳ್ಗೆ ಇಂಜಿನ್ ದುಡ್ಡೇ ಇರುದಿಲ್ಲೆ. ಈಗ್ಳೇ ಬೇರೆ ವ್ಯಾಲೆಟ್ಟಿಗೆ ಹಾಕ್ತೆ.”

ಬೇಕಾದೀತೆಂದು ಅನೂಪ್ ತಂದಿಟ್ಟಿದ್ದ ಎರಡನೆಯ ವ್ಯಾಲೆಟ್ಟಿನ ಸೀಲ್ ಇನ್ನೂ ಒಡೆದಿರಲಿಲ್ಲ. ಶ್ರೀಲತಾ ಅದನ್ನು ತೆರೆದು ಪಿನ್ ಹಾಕಿದಳು. ಪುಟ್ಟ ಪರದೆಯಲ್ಲಿ ಬಂದ ಹೊಸ ಪದಗಳನ್ನು ಕೈಯಿಂದಲೇ ಬರೆದುಕೊಂಡು ಮತ್ತೊಮ್ಮೆ ಓದಿ ತಾಳೆ ನೋಡಿದಳು. ಹಣ ಹೋಗಿ ಸೇರಬೇಕಾದ ಹೊಸ ವಿಳಾಸ ಆ್ಯಪಿನಲ್ಲೂ ವ್ಯಾಲೆಟ್ಟಿನ ಪರದೆಯಲ್ಲೂ ಒಂದೇ ಇದೆಯೇ ಎಂದು ಅಕ್ಷರ ಅಕ್ಷರವಾಗಿ ಹೋಲಿಸಿದಳು. ಹಳೆಯದರಿಂದ ಮೊದಲು ಚೂರೇ ಚೂರು ಕಳುಹಿಸಿದಳು. ಅದು ತಲುಪಿತು ಎಂದು ಆ್ಯಪ್ ತೋರಿಸಿದ ಮೇಲೆ ಉಳಿದದ್ದನ್ನೆಲ್ಲ ಕಳುಹಿಸಲು ಗುಂಡಿ ಒತ್ತಿದಳು.

ಅದೂ ಬಂದು ಸೇರಿತು. ಹಳೆಯ ವ್ಯಾಲೆಟ್ ಬರಿದಾಯಿತು.

“ಪ್ರಖ್ಯಾತನ ಹತ್ರ ಇಪ್ದ್?” ಕಮಲಮ್ಮ ಮೆಲ್ಲನೆ ಕೇಳಿದರು.

“ಇರ್ಲಿ ಅತ್ತೆ. ಅದ್ ಹಳೇ ವ್ಯಾಲೆಟ್ಟಿನ ಪದ, ಅದ್ರಗೆ ಇನ್ನ್ ಎಂತದೂ ಇಲ್ಲೆ.”

ಕಮಲಮ್ಮ ಉಸಿರು ಬಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡರು. “ಹಂಗಾರೆ ನಾಳೆ ಆ ಹಾಳಿ ಲ್ಯಾಮಿನೇಶನ್ ದುಡ್ಡ್ ವಾಪಸ್ ಕೇಂತೆ” ಎಂದು ಒಳಗೆ ಹೋದರು.